ಕೇಳಸ್ತದ, ಆದ್ರ ತಿಳಿಯಂಗಿಲ್ಲ: ಕಿವಿ ಪರೀಕ್ಷೆಗೆ ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ಮೇ ತಿಂಗಳ ಕಲಬುರಗಿ. ಕಿಟಕಿಗೆ ಕೂಡಿಸಿದ ಕೂಲರ್ ಭರ್ರೆಂದು ಓಡುತ್ತಿದೆ. ಮಂಚದ ಮೇಲೆ ಕೂತ ಮುತ್ಯಾನನ್ನು ಮೊಮ್ಮಗಳು ಕೇಳುತ್ತಾಳೆ: "ಮುತ್ಯಾ, ಗುಳಿಗಿ ತಗೊಂಡಿ?" ಮುತ್ಯಾ ಕಣ್ಣರಳಿಸಿ, "ಹೋಳಿಗಿ ಯಾರ ಮಾಡ್ಯಾರ?" ಅನ್ನುತ್ತಾರೆ. ಮನೆ ತುಂಬ ನಗು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಒಂದು ತಾಟು ಬಿದ್ದರೆ ಅದೇ ಮುತ್ಯಾ ಬೆಚ್ಚಿ ತಿರುಗಿ ನೋಡುತ್ತಾರೆ. ಆಗ ಯಾರಾದರೂ ಒಬ್ಬರು ಅಂದೇ ಅನ್ನುತ್ತಾರೆ, "ನೋಡ್ರಿ, ತನಗ ಬೇಕಾದ್ದಷ್ಟ ಕೇಳಸ್ತದ."

ಕಲಬುರಗಿಯಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷಿಸುವ ತಜ್ಞೆ, ಆಗಿ ಕೆಲಸ ಮಾಡುವ ನಾನು ಈ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಪ್ರತಿ ಸಲವೂ ಮನಸ್ಸಿಗೆ ನೋವಾಗುತ್ತದೆ, ಯಾಕೆಂದರೆ ಮುತ್ಯಾ ಸುಳ್ಳು ಹೇಳುತ್ತಿಲ್ಲ. ತಾಟಿನ ಸಪ್ಪಳ ಅವರಿಗೆ ಕೇಳಿದ್ದೂ ನಿಜ, ಗುಳಿಗೆಯ ಮಾತು ತಿಳಿಯದೇ ಹೋದದ್ದೂ ನಿಜ. ಸದ್ದು ಕೇಳುವುದು ಒಂದು ಕೆಲಸ, ಮಾತು ತಿಳಿಯುವುದು ಇನ್ನೊಂದು ಕೆಲಸ. "ಕೇಳಸ್ತದ ಮೇಡಂ, ಆದ್ರ ಏನಂತಾರಂತ ತಿಳಿಯಂಗಿಲ್ಲ" ಎಂದು ಯಾರಾದರೂ ಹೇಳಿದರೆ ಪರೀಕ್ಷೆಗೆ ಹೊರಡಲು ಅಷ್ಟೇ ಸಾಕು. ಸದ್ದೇ ಕೇಳದ ಹಾಗೆ ಆಗುವವರೆಗೆ ಕಾಯುತ್ತಾ ಕೂತರೆ ಐದು, ಹತ್ತು ವರ್ಷ ಕೈಬಿಟ್ಟು ಹೋಗಿರುತ್ತವೆ.

ಮೊದಲು ದಾರಿ ತಿಳಿಯೋಣ

ಗಾಳಿಯಲ್ಲಿ ಬಂದ ಅಲೆ ಕಿವಿಯ ಪರದೆಯನ್ನು ನಡುಗಿಸುತ್ತದೆ. ಪರದೆಯ ಹಿಂದೆ ಮೂರು ಪುಟ್ಟ ಎಲುಬುಗಳಿವೆ. ಕೊನೆಯದು ಕುದುರೆಯ ರಿಕಾಪಿನ ಆಕಾರದ್ದು, ಸುಮಾರು ಮೂರು ಮಿಲಿಮೀಟರ್ ಉದ್ದ, ನಮ್ಮ ಮೈಯಲ್ಲೇ ಎಲ್ಲಕ್ಕಿಂತ ಸಣ್ಣ ಎಲುಬು. ಒಳಗಿವಿಯಲ್ಲಿ ತುಂಬಿರುವುದು ನೀರಿನಂಥ ದ್ರವ. ಬಾವಿಯ ದಂಡೆಯಲ್ಲಿ ನಿಂತು ಕೂಗಿದರೆ ನೀರಿನಲ್ಲಿ ಮುಳುಗಿದವನಿಗೆ ಸರಿಯಾಗಿ ಕೇಳುವುದಿಲ್ಲವಲ್ಲ, ಹಾಗೆಯೇ ಗಾಳಿಯ ಅಲೆ ನೇರವಾಗಿ ದ್ರವಕ್ಕೆ ಹೊಕ್ಕರೆ ಬಹುಪಾಲು ಹಿಂದಕ್ಕೆ ಚಿಮ್ಮುತ್ತದೆ. ಅದಕ್ಕೇ ಪರದೆಯಷ್ಟು ಅಗಲದಲ್ಲಿ ಹಿಡಿದ ಒತ್ತಡವನ್ನು ಈ ಎಲುಬುಗಳು ಅದರ ಹದಿನೈದು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಸಣ್ಣ ಕಿಂಡಿಯ ಮೇಲೆ ಒತ್ತಿ ಒಳಗೆ ನೂಕುತ್ತವೆ.

ಒಳಗಿರುವುದು ಕಾಕ್ಲಿಯಾ. ಬಸವನಹುಳದ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು, ಬಿಚ್ಚಿ ಹಾಸಿದರೆ 35 ಮಿಲಿಮೀಟರ್ ಆದೀತು. ಭಜನಿ ಮ್ಯಾಳದ ಪೇಟಿಯನ್ನು (ಹಾರ್ಮೋನಿಯಂ) ನೆನಪಿಸಿಕೊಳ್ಳಿ. ಒಂದೊಂದು ಮನೆಗೆ ಒಂದೊಂದು ಸ್ವರ ಇರುವಂತೆ ಇಲ್ಲಿಯೂ ಬಾಗಿಲ ಹತ್ತಿರ ತೆಳು, ಎತ್ತರದ ಸ್ವರಗಳ ಜಾಗ, ಸುರುಳಿಯ ತುದಿಯಲ್ಲಿ ದಪ್ಪ, ತಗ್ಗಿನ ಸ್ವರಗಳ ಜಾಗ. ಇದನ್ನು ಬಿಡಿಸಿ ತೋರಿಸಿದ ವಿಜ್ಞಾನಿ ಗಿಯೋರ್ಗ್ ಫಾನ್ ಬೇಕೆಶಿಗೆ 1961ರಲ್ಲಿ ನೊಬೆಲ್ ಬಂತು. ಈ ಸಾಲಿನ ಉದ್ದಕ್ಕೂ ಒಂದೊಂದು ಕಿವಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಅಲ್ಲಾಟವನ್ನು ವಿದ್ಯುತ್ ಸಂಕೇತವಾಗಿ ಮಾಡುವುದು ಇವೇ. ಮನುಷ್ಯರಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಂತೆ, ಗದ್ದಲದಲ್ಲಿ ದುಡಿದಂತೆ, ಮೊದಲು ಸಾಯುವುದು ಬಾಗಿಲ ಹತ್ತಿರದ ತೆಳು ಸ್ವರದ ಕೋಶಗಳು.

ಮುತ್ಯಾನ ಗುಟ್ಟು ಇರುವುದು ಇಲ್ಲಿ. ಅ, ಆ, ಉ, ಓ ಇಂಥ ಸ್ವರಾಕ್ಷರಗಳು ದಪ್ಪ ದನಿಯವು, ಜೋರಿನವು. ಸ, ಶ, ತ, ಕ, ಪ ಇವು ತೆಳುವಾದವು, ಮೆತ್ತಗಿನವು. ಸಕಾರದ ಬಲವೆಲ್ಲ 4,000 ಹರ್ಟ್ಸ್‌ನ ಆಚೆ ಇರುತ್ತದೆ (ಹರ್ಟ್ಸ್ ಹೆಚ್ಚಿದಷ್ಟು ದನಿ ತೆಳು). ನಮ್ಮ ಕಡೆಯ ಮಾತಿನಲ್ಲಿ ಸಾಲ, ಕಾಲ, ಪಾಲ, ಹಾಲ ಅಂದು ನೋಡಿ. ನಾಲ್ಕರಲ್ಲೂ "ಆಲ" ಒಂದೇ, ಬೇರೆ ಮಾಡುವುದು ಮೊದಲ ವ್ಯಂಜನ ಮಾತ್ರ. ಸ್ವರ ಮುಟ್ಟಿ ವ್ಯಂಜನ ಮುಟ್ಟದಿದ್ದರೆ ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಸಾಲ ಕೇಳಿದರೋ ಹಾಲು ಕೇಳಿದರೋ ಗೊತ್ತಾಗುವುದಿಲ್ಲ. ಒದರಿ ಹೇಳಿದರೆ ಜೋರಾಗುವುದು ಹೆಚ್ಚಾಗಿ ಸ್ವರಗಳೇ. ಅದಕ್ಕೇ ಮುತ್ಯಾ "ಒದರಬ್ಯಾಡ, ಸರಿಯಾಗಿ ಹೇಳು" ಎಂದು ಸಿಟ್ಟಾಗುವುದು. ಅವರ ಮಾತಿನಲ್ಲಿ ನ್ಯಾಯವಿದೆ.

ಕಾಕ್ಲಿಯಾದಿಂದ ಸುಮಾರು 30,000 ಎಳೆಗಳ ನರ ಮಿದುಳಿನ ಕಾಂಡಕ್ಕೆ ಹೋಗುತ್ತದೆ. ಅಲ್ಲಿಯ ಒಂದು ನಿಲ್ದಾಣದಲ್ಲಿ ಎರಡೂ ಕಿವಿಗಳ ಸಂಕೇತ ಮೊದಲ ಸಲ ಒಟ್ಟಿಗೆ ಸೇರುತ್ತವೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಗದ್ದಲದಲ್ಲಿ ಎಡಗಡೆಯಿಂದ ಆಟೋ ಹಾರ್ನ್ ಹೊಡೆದರೆ ಆ ಸದ್ದು ಬಲಗಿವಿಗೆ ಒಂದಿಷ್ಟು ತಡವಾಗಿ ಮುಟ್ಟುತ್ತದೆ. ಆ ತಡ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಸಣ್ಣ ಅಂತರವನ್ನು ಮಿದುಳು ಅಳೆದು "ಎಡಕ್ಕೆ ಸರಿ" ಅನ್ನುತ್ತದೆ. ಒಂದೇ ಕಿವಿ ಚೆನ್ನಾಗಿರುವವರು ರಸ್ತೆ ದಾಟುವಾಗ ಗೊಂದಲಕ್ಕೆ ಬೀಳುವುದು ಇದಕ್ಕೇ.

ಅಲ್ಲಿಂದ ಮೇಲಕ್ಕೆ, ಮಿದುಳಿನ ನಡುವಿನ ಥಲಾಮಸ್ ಎಂಬ ನಿಲ್ದಾಣ ದಾಟಿ, ಕಿವಿಯ ಮೇಲ್ಬದಿಗಿರುವ ಮಿದುಳಿನ ಶ್ರವಣ ಪ್ರದೇಶಕ್ಕೆ ಸಂಕೇತ ತಲುಪುತ್ತದೆ. ಇಲ್ಲಿ ಮಿದುಳು ಬಂದದ್ದನ್ನು ಸುಮ್ಮನೆ ಬರೆದುಕೊಳ್ಳುವುದಿಲ್ಲ, ಊಹಿಸುತ್ತದೆ. 1970ರಲ್ಲಿ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ವಾರನ್ ಒಂದು ವಾಕ್ಯದಿಂದ ಒಂದು ಧ್ವನಿಯನ್ನು ಕತ್ತರಿಸಿ ಅಲ್ಲಿ ಕೆಮ್ಮಿನ ಸದ್ದು ಸೇರಿಸಿದರು. ಕೇಳಿದವರಿಗೆ ಆ ಕಳೆದುಹೋದ ಧ್ವನಿ ಕೇಳಿಸಿಯೇ ಇತ್ತು! ಮಿದುಳು ಅರ್ಥ ನೋಡಿ ತಾನೇ ತುಂಬಿಕೊಂಡಿತ್ತು. ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ನಿಮ್ಮ ಗೆಳತಿಯ ಮಾತೊಂದನ್ನೇ ಹಿಡಿದು ನಡೆಯಲು ಆಗುವುದೂ ಇದೇ ಕೌಶಲದಿಂದ.

ಊಹೆಗೆ ಶಕ್ತಿ ಬೇಕು. ಕಿವಿಯಿಂದ ಬರುವ ಸುದ್ದಿ ಹರಕುಮುರುಕಾದರೆ ಮಿದುಳು ಇಡೀ ದಿನ ಹೊಲಿಗೆ ಹಾಕುತ್ತಾ ಕೂರುತ್ತದೆ. ಸಂಜೆಯ ಹೊತ್ತಿಗೆ ದಣಿವು, ತಲೆನೋವು, ಸಿಟ್ಟು. ಮೊದಲು ಕೈಕೊಡುವುದು ಕಲಿತ ಭಾಷೆ. ಮನೆಯಲ್ಲಿ ಕನ್ನಡ ಆಡುವವರಿಗೆ ಹಿಂದಿ ಸುದ್ದಿ, ದಖ್ಖನಿ ಆಡುವವರಿಗೆ ಕಚೇರಿಯ ಕನ್ನಡ. ಬೀದರಿನಂಥ ನಾಲ್ಕು ಭಾಷೆಯ ಊರಿನಲ್ಲಿ "ನನಗ ಹಿಂದಿ ಮೊದಲಿನಂಗ ತಿಳಿಯವಲ್ದು" ಎಂದು ಯಾರಾದರೂ ಅಂದರೆ ನಾನು ಭಾಷೆಗಿಂತ ಮೊದಲು ಕಿವಿಯನ್ನು ಅನುಮಾನಿಸುತ್ತೇನೆ. ಆಮೇಲೆ ಅವರು ಮದುವೆ ಮುಂಜಿವೆಗೆ ಹೋಗುವುದನ್ನೇ ಬಿಡುತ್ತಾರೆ. ನಡುವಯಸ್ಸಿನ ಶ್ರವಣದೋಷವನ್ನು ಮುಂದೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚಿಸುವ, ಆದರೆ ನಾವು ಸರಿಪಡಿಸಬಹುದಾದ ದೊಡ್ಡ ಕಾರಣಗಳಲ್ಲಿ ಒಂದೆಂದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ ಗುರುತಿಸಿದೆ.

ಎಲ್ಲೆಲ್ಲಿ ಕೆಡುತ್ತದೆ

ಹೊರಗಿವಿ, ನಡುಗಿವಿಯ ತೊಂದರೆ ಸುಲಭದ್ದು: ಗುಗ್ಗೆ ಗಟ್ಟಿಯಾಗುವುದು, ಪರದೆಯ ಹಿಂದೆ ನೀರು ತುಂಬುವುದು, ಕಿವಿ ಸೋರಿ ಪರದೆ ತೂತಾಗುವುದು. ಹೆಚ್ಚಿನವಕ್ಕೆ ಔಷಧಿಯೋ ಶಸ್ತ್ರಚಿಕಿತ್ಸೆಯೋ ಇದೆ. ಕಾಕ್ಲಿಯಾದ ತೊಂದರೆಗೆ ಸಾಮಾನ್ಯವಾಗಿ ಕಿವಿ ಮಷಿನ್, ತೀವ್ರವಾದರೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂಡಿಸುವ ಸಾಧನ.

ಜನಕ್ಕೆ ಅಷ್ಟಾಗಿ ಗೊತ್ತಿರದವು ಇನ್ನೆರಡು. ಒಂದರಲ್ಲಿ ಕಾಕ್ಲಿಯಾ ಸದ್ದನ್ನು ಹಿಡಿಯುತ್ತದೆ, ನರ ಅದನ್ನು ತಾಳ ತಪ್ಪಿಸಿ ಸಾಗಿಸುತ್ತದೆ. ಇದಕ್ಕೆ ಆಡಿಟರಿ ನ್ಯೂರೋಪತಿ ಎನ್ನುತ್ತಾರೆ. ಹುಟ್ಟಿದಾಗ ಕಾಮಾಲೆ ತುಂಬಾ ಏರಿದ ಮಕ್ಕಳಲ್ಲಿ, ದಿನ ತುಂಬದೆ ಹುಟ್ಟಿ ಐಸಿಯುನಲ್ಲಿ ಇದ್ದ ಮಕ್ಕಳಲ್ಲಿ ಇದನ್ನು ನೋಡುತ್ತೇವೆ. ಇನ್ನೊಂದರಲ್ಲಿ ಕಿವಿಯೂ ಸರಿ, ಸಾಮಾನ್ಯ ಪರೀಕ್ಷೆಯ ಅಂಕಿಯೂ ಸರಿ, ಮಿದುಳು ಮಾತನ್ನು ಗದ್ದಲದಿಂದ ಬೇರ್ಪಡಿಸುವಲ್ಲಿ ಸೋಲುತ್ತದೆ. ಇದು ಶ್ರವಣ ಸಂಸ್ಕರಣೆಯ ತೊಂದರೆ. ತರಗತಿಯಲ್ಲಿ "ಆಂ? ಏನ್ರಿ ಸರ್?" ಎಂದು ಮತ್ತೆ ಮತ್ತೆ ಕೇಳುವ, ಉಕ್ತಲೇಖನದಲ್ಲಿ ತಪ್ಪುವ, ಇಬ್ಬರೇ ಕೂತಾಗ ಚೆನ್ನಾಗಿ ಉತ್ತರಿಸುವ ಮಗು ಹೀಗಿರಬಹುದು. ಅಂಥ ಮಗುವಿಗೆ "ದಡ್ಡ" ಎಂಬ ಹೆಸರು ಕೊಡುವ ಮುನ್ನ ದಯವಿಟ್ಟು ಕಿವಿ ಪರೀಕ್ಷೆ ಮಾಡಿಸಿ.

ಮೊದಲ ಹೆಜ್ಜೆ: ಒಂದು ವಾರ ಗಮನಿಸಿ, ಬರೆದಿಡಿ

ಒಂದು ಹಳೆಯ ನೋಟಬುಕ್ ಸಾಕು. ದೊಡ್ಡವರಿಗಾದರೆ ನಾನು ಹೇಳಿಕೊಡುವುದು ಕೂಲರ್ ಪರೀಕ್ಷೆ. ಕೂಲರ್ ಬಂದ್ ಮಾಡಿ, ಒಂದು ಮೀಟರ್ ಹಿಂದೆ ನಿಂತು, ತುಟಿ ಕಾಣದಂತೆ, ದಿನದ ದನಿಯಲ್ಲಿ ಐದು ಸಣ್ಣ ವಾಕ್ಯ ಹೇಳಿ. ಊಹಿಸಲು ಬಾರದ ವಾಕ್ಯಗಳಿರಲಿ, "ಚಾ ಕುಡದ್ಯಾ" ಬೇಡ, "ಗೂಟಕ್ಕ ಹಸರ ಚೀಲ ಹಾಕೇನಿ" ಇರಲಿ. ಅವರು ತಿರುಗಿ ಹೇಳಲಿ. ಆಮೇಲೆ ಕೂಲರ್ ಹಚ್ಚಿ ಬೇರೆ ಐದು ವಾಕ್ಯ ಹೇಳಿ. ಎರಡರ ನಡುವಿನ ಅಂತರವನ್ನು ಬರೆದಿಡಿ. ಎರಡರಲ್ಲೂ ತಪ್ಪಿದರೆ ಪರೀಕ್ಷೆ ಬೇಕು. ಸುಮ್ಮನಿದ್ದಾಗ ಐದೂ ಹೇಳಿ, ಕೂಲರ್ ಓಡುವಾಗ ಒಂದೆರಡನ್ನು ಮಾತ್ರ ಹೇಳಿದರೂ ಪರೀಕ್ಷೆ ಬೇಕು. ಇದರಿಂದ ರೋಗ ಯಾವುದೆಂದು ತಿಳಿಯದು, ಹೊರಡಬೇಕು ಅನ್ನುವುದು ತಿಳಿಯುತ್ತದೆ.

ಟಿವಿ ವಾಲ್ಯೂಮಿನ ಅಂಕಿ, ಫೋನನ್ನು ಯಾವ ಕಿವಿಗೆ ಹಿಡಿಯುತ್ತಾರೆ, ಗಂಡಸರ ಮಾತಿಗಿಂತ ಹೆಂಗಸರ, ಮಕ್ಕಳ ಮಾತು ಹೆಚ್ಚು ತಪ್ಪುತ್ತದೆಯೇ, ಕಿವಿಯಲ್ಲಿ ಗುಂಯ್ ಅನ್ನುವ ಸದ್ದಿದೆಯೇ, ಇವನ್ನೂ ಬರೆಯಿರಿ. ಆ ಗುಂಯ್ ಸದ್ದು ಬಹಳ ಸಲ ಹೊರಗಿನದಲ್ಲ. ಕಿವಿಯಿಂದ ಬರುವ ಸುದ್ದಿ ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತದೆ ಎಂಬುದು ಇದಕ್ಕೆ ಕೊಡುವ ಒಪ್ಪಿತ ವಿವರಣೆ.

ಕೂಸುಗಳ ವಿಷಯದಲ್ಲಿ ತಾಟು ಬಡಿದು ನೋಡುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ನಂಬಬೇಡಿ. ಕೂಸು ಕೈಯ ನೆರಳು ಕಂಡು ತಿರುಗಬಹುದು, ನೆಲದ ನಡುಕ ತಿಳಿದು ಬೆಚ್ಚಬಹುದು, ದಪ್ಪ ಸದ್ದಷ್ಟೇ ಕೇಳಿರಬಹುದು. ಕಿವುಡು ಕೂಸೂ ಮೊದಲ ಕೆಲ ತಿಂಗಳು ಎಲ್ಲರಂತೆ "ಊಂ, ಆಂ" ಅನ್ನುತ್ತದೆ, ಆಮೇಲೆ ನಿಧಾನಕ್ಕೆ ದನಿ ಕಡಿಮೆಯಾಗುತ್ತದೆ. ನೋಡಬೇಕಾದದ್ದು ಇಷ್ಟು. ಮೂರು ನಾಲ್ಕು ತಿಂಗಳಿಗೆ ಅವ್ವನ ದನಿಗೆ ಅಳು ನಿಲ್ಲಿಸುತ್ತದೆಯೇ? ಆರು ತಿಂಗಳ ಸುಮಾರಿಗೆ ಸದ್ದಿನ ಕಡೆ ತಿರುಗುತ್ತದೆಯೇ? ಒಂಬತ್ತಕ್ಕೆ "ಬಬಬ, ದದದ" ಬಂತೇ, ಹೆಸರು ಕರೆದರೆ ನೋಡುತ್ತದೆಯೇ? ವರ್ಷ ತುಂಬುವಾಗ ಒಂದೆರಡು ಮಾತು, ಎರಡು ವರ್ಷಕ್ಕೆ "ಅವ್ವ ಬಾ", "ಹಾಲ ಬೇಕು" ಅಂಥ ಎರಡು ಮಾತಿನ ಜೋಡಿ. ಇವು ಬರದಿದ್ದರೆ ಕಾಯಬೇಡಿ. "ಗಂಡುಹುಡುಗರು ತಡಾ ಮಾತಾಡ್ತಾವ, ಅವರಪ್ಪನೂ ಹಂಗೇ ಇದ್ದ" ಎಂದು ಆಯಿ ಪ್ರೀತಿಯಿಂದಲೇ ಹೇಳುತ್ತಾರೆ. ಆಯಿಗೆ ಗೌರವ ಕೊಟ್ಟು, ಮಗುವನ್ನು ಎತ್ತಿಕೊಂಡು ಹೊರಡಿ.

ಇಷ್ಟು ಅವಸರ ಯಾಕೆಂದರೆ ಮಿದುಳಿನ ಶ್ರವಣ ಪ್ರದೇಶ ಖಾಲಿ ಇದ್ದು ಕಾಯುವುದಿಲ್ಲ. ಸದ್ದು ಬರದಿದ್ದರೆ ಆ ಜಾಗವನ್ನು ಕಣ್ಣು, ಸ್ಪರ್ಶ ಬಳಸತೊಡಗುತ್ತವೆ. ಮೊದಲ ಮೂರೂವರೆ ವರ್ಷದೊಳಗೆ ಸದ್ದು ಮುಟ್ಟಿದ ಮಿದುಳು ಅದನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ, ಏಳರ ಆಚೆ ಅದೇ ಕೆಲಸ ಬಹಳ ಕಷ್ಟ. ಜಗತ್ತಿನೆಲ್ಲೆಡೆ ಅನುಸರಿಸುವ ಲೆಕ್ಕ 1-3-6: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷ ಖಚಿತ, ಆರು ತಿಂಗಳೊಳಗೆ ಮಷಿನ್ ಮತ್ತು ತರಬೇತಿ. ನಮ್ಮ ಭಾಗದಲ್ಲಿ ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಮದುವೆ ಹೆಚ್ಚು. ಹುಟ್ಟುಗಿವುಡಿನಲ್ಲಿ ಅರ್ಧಕ್ಕಿಂತ ಹೆಚ್ಚು ವಂಶವಾಹಿಯಿಂದ ಬರುವಂಥದ್ದು. ಹತ್ತಿರದ ನಂಟಿನಲ್ಲಿ ಮದುವೆಯಾದವರು, ಮನೆತನದಲ್ಲಿ ಯಾರಾದರೂ ಹುಟ್ಟಿನಿಂದ ಕಿವುಡರಿರುವವರು, ಕೂಸು ಎಷ್ಟೇ ಚುರುಕಾಗಿ ಕಂಡರೂ ಹೆರಿಗೆಯಾದ ಆಸ್ಪತ್ರೆಯಲ್ಲೇ ಕಿವಿ ತಪಾಸಣೆ ಕೇಳಿ ಮಾಡಿಸಿ.

ಎರಡನೆಯ ಹೆಜ್ಜೆ: ಅವಸರ ಎಷ್ಟು ಎಂದು ನಿರ್ಧರಿಸಿ

ಅದೇ ದಿನ ಹೋಗಬೇಕಾದ ಸಂದರ್ಭಗಳಿವೆ. ರಾತ್ರಿ ಚೆನ್ನಾಗಿ ಮಲಗಿ ಬೆಳಿಗ್ಗೆ ಎದ್ದಾಗ ಒಂದು ಕಿವಿ ಬಂದ್ ಆಗಿದ್ದರೆ, ಇಲ್ಲವೇ ಎರಡು ಮೂರು ದಿನದೊಳಗೆ ಕೇಳಿಸುವುದು ಧಡಕ್ಕನೆ ಇಳಿದರೆ, ಅದು ತುರ್ತು. ಸ್ಟೆರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟು ಒಳ್ಳೆಯದು, ಎರಡು ವಾರ ಕಳೆದರೆ ಅವಕಾಶ ಬಹಳ ಕುಗ್ಗುತ್ತದೆ. ನನ್ನಲ್ಲಿಗೆ ಬರುವವರಲ್ಲಿ ಎಷ್ಟೋ ಮಂದಿ ಮೊದಲು ಎಣ್ಣೆ ಹಾಕಿ, ಆಮೇಲೆ "ನೆಗಡಿ ಆಗ್ಯಾದ, ಬಿಡ್ತದ" ಎಂದು ಬಿಟ್ಟು, ಒಂದು ತಿಂಗಳಿಗೆ ಬರುತ್ತಾರೆ. ಆಗ ನನ್ನ ಕೈಯಲ್ಲಿ ಉಳಿಯುವುದು ಅಳೆಯುವ ಕೆಲಸ ಮಾತ್ರ. ಕಿವಿ ಸೋರುವುದರ ಜತೆಗೆ ಜ್ವರ, ತಲೆಸುತ್ತು, ಮುಖದ ಒಂದು ಬದಿ ಸೋಲುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ಕೇಳದಿರುವುದು, ಮಗು ಗುಂಡಿಯಾಕಾರದ ಬ್ಯಾಟರಿ ಕಿವಿಗೋ ಮೂಗಿಗೋ ಹಾಕಿಕೊಂಡದ್ದು, ಇವಕ್ಕೂ ಅದೇ ದಿನ. ಬ್ಯಾಟರಿ ಇರುವ ಕಿವಿಗೆ ಒಂದು ಹನಿಯನ್ನೂ ಹಾಕಬೇಡಿ.

ವಾರದೊಳಗೆ ಹೋಗಬೇಕಾದವರು: ಮೆದುಳುಜ್ವರದಿಂದ (ಮೆನಿಂಜೈಟಿಸ್) ಎದ್ದ ಮಗು, ಯಾಕೆಂದರೆ ಅದರ ನಂತರ ಕಾಕ್ಲಿಯಾದೊಳಗೆ ಎಲುಬು ಬೆಳೆದು ಇಂಪ್ಲಾಂಟಿನ ದಾರಿಯೇ ಮುಚ್ಚಬಹುದು. ಟಿಬಿಗೆ ಅಮಿಕಾಸಿನ್‌ನಂಥ ಇಂಜೆಕ್ಷನ್ ತೆಗೆದುಕೊಳ್ಳುತ್ತಾ ಕಿವಿಯಲ್ಲಿ ಗುಂಯ್ ಶುರುವಾದವರು, ಔಷಧಿಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ಅದೇ ಹೊತ್ತಿಗೆ ಹೇಳಬೇಕು. ಒಂದೇ ಕಿವಿಯಲ್ಲಿ ನಿಲ್ಲದ ಗುಂಯ್ ಅಥವಾ ಒಂದೇ ಕಿವಿ ನಿಧಾನಕ್ಕೆ ಇಳಿಯುವುದು ಸಹ ಹಗುರ ಮಾಡುವಂಥದ್ದಲ್ಲ.

ತಿಂಗಳೊಳಗೆ ಹೋಗಬೇಕಾದವರಲ್ಲಿ ಮುತ್ಯಾ ಇದ್ದಾರೆ, ಸಕ್ಕರೆ ಕಾಯಿಲೆಯವರಿದ್ದಾರೆ, ಉಕ್ತಲೇಖನ ತಪ್ಪುವ ಮಗು ಇದೆ. ಮತ್ತೆ ಗದ್ದಲದಲ್ಲಿ ದುಡಿಯುವವರು. ಕಲಬುರಗಿಯ ಬೇಳೆ ಮಿಲ್ಲುಗಳು, ಶಹಾಬಾದ, ಚಿತ್ತಾಪುರದ ಫರಸಿ ಕಲ್ಲಿನ ಕತ್ತರಿ ಯಂತ್ರಗಳು, ವಾಡಿ, ಸೇಡಂ, ಮಳಖೇಡದ ಸಿಮೆಂಟು ಕಾರ್ಖಾನೆಗಳು. ಸದ್ದಿನ ಜೋರನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ತಾಸು ಕಳೆಯುವುದು ಸುರಕ್ಷಿತ ಮಿತಿ. ಪ್ರತಿ ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್‌ನಲ್ಲಿ ಕಾಲು ತಾಸು ಅಷ್ಟೇ. ಮೆರವಣಿಗೆಯ ಡಿಜೆ ಪೆಟ್ಟಿಗೆಗಳ ಎದುರು ನಿಂತರೆ ಆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂದು ಯೋಚಿಸಿ. ಪಾಳಿ ಮುಗಿಸಿ ಮನೆಗೆ ಬಂದ ಮೇಲೆ ತಾಸೆರಡು ತಾಸು ಕಿವಿ ಮುಚ್ಚಿದಂತೆ ಅನ್ನಿಸಿ ಬೆಳಿಗ್ಗೆ ಸರಿಹೋಗುತ್ತದೆ ಅನ್ನುವವರು, ಅದನ್ನು ಗುಣವಾಗಿದೆ ಎಂದು ತಿಳಿಯಬಾರದು. ಇದು ಮೊದಲ ಎಚ್ಚರಿಕೆ.

ಮೂರನೆಯ ಹೆಜ್ಜೆ: ಹೋಗುವ ಮುನ್ನ

ಕಿವಿಗೆ ಎಣ್ಣೆ ಹಾಕಬೇಡಿ. ಬೆಳ್ಳುಳ್ಳಿ ಕಾಸಿದ ಎಣ್ಣೆಯೂ ಬೇಡ, ಕೂಸಿಗೆ ಎರೆಯುವಾಗ ಹಾಕುವ ಎರಡು ಹನಿಯೂ ಬೇಡ. ಪರದೆ ತೂತಾಗಿದ್ದರೆ ಎಣ್ಣೆ ಒಳಗೆ ಹೋಗಿ ಸೋಂಕು ಹೆಚ್ಚಿಸುತ್ತದೆ. ಕಡ್ಡಿ, ಪಿನ್ನು, ಬಸ್ ಸ್ಟ್ಯಾಂಡಿನಲ್ಲಿ ಕಿವಿ ತೆಗೆಯುವವರು, ಯಾವುದೂ ಬೇಡ. ಗುಗ್ಗೆ ಇದ್ದರೆ ವೈದ್ಯರು ತೆಗೆದ ಮೇಲೆಯೇ ಪರೀಕ್ಷೆ.

ಗದ್ದಲದ ಕೆಲಸದವರು ಪಾಳಿಯಿಂದ ನೇರ ಬರಬೇಡಿ, ಕನಿಷ್ಠ ಹದಿನಾರು ತಾಸು ಕಿವಿಗೆ ವಿಶ್ರಾಂತಿ ಇರಲಿ. ಸುಟ್ಟಿಯ ಮರುದಿನ ಬೆಳಿಗ್ಗೆ ಒಳ್ಳೆಯದು. ಕೂಸಿಗೆ ಬೆರಾ ಪರೀಕ್ಷೆ (ಸದ್ದಿನ ಸಂಕೇತ ನರದಿಂದ ಮಿದುಳಿಗೆ ಮುಟ್ಟುತ್ತದೆಯೇ ಎಂದು ನೋಡುವುದು) ಇದ್ದರೆ ನಿದ್ದೆ ಮುಖ್ಯ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಗೊಡದೆ ತನ್ನಿ. ಆಳಂದದಿಂದ ಬಸ್ಸಿನಲ್ಲಿ ಬರುವಾಗ ಕೂಸನ್ನು ಎಚ್ಚರ ಇಡುವುದು ಅವ್ವಂದಿರಿಗೆ ದೊಡ್ಡ ಕಷ್ಟ ಎಂದು ನನಗೆ ಗೊತ್ತು. ಆದರೂ ಅಷ್ಟೇ ಮುಖ್ಯ ಅದು, ಇಲ್ಲದಿದ್ದರೆ ಇನ್ನೊಂದು ದಿನ ಬರಬೇಕಾಗುತ್ತದೆ. ಹಾಲು ಕುಡಿಸುವುದನ್ನು ಪರೀಕ್ಷೆಯ ಕೋಣೆಯ ಹೊರಗೇ ಇಟ್ಟುಕೊಳ್ಳಿ. ನಿದ್ದೆಯ ಔಷಧಿ ಕೊಡುವುದಿದ್ದರೆ ಮಾತ್ರ ಹಾಲಿನ ವಿಷಯದಲ್ಲಿ ಆಸ್ಪತ್ರೆಯವರು ಹೇಳಿದಂತೆ ನಡೆಯಿರಿ.

ಎಲ್ಲಿಗೆ? ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಅಲ್ಲಿಯ ಇ.ಎನ್.ಟಿ. ವಿಭಾಗದಿಂದ ಶುರು ಮಾಡಿ. ಮಕ್ಕಳಿಗಾದರೆ ಅಂಗನವಾಡಿಗೆ, ಶಾಲೆಗೆ ಬರುವ ಆರ್.ಬಿ.ಎಸ್.ಕೆ. (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡಕ್ಕೆ ಹೇಳಿದರೂ ಅವರು ಮುಂದಕ್ಕೆ ಕಳಿಸುತ್ತಾರೆ. ಆ ಯೋಜನೆ 2013ರಿಂದ ಇದೆ, ಕಿವಿಯ ದೋಷವೂ ಅದರೊಳಗಿದೆ. ಗೊಂದಲದ ಪ್ರಕರಣಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಯಾವ ದಿನ ಯಾವ ಪರೀಕ್ಷೆ ಎಂದು ಮೊದಲೇ ವಿಚಾರಿಸಿ ಹೋಗಿ. ಆಧಾರ್, ರೇಷನ್ ಕಾರ್ಡು, ಹಳೆಯ ಚೀಟಿಗಳು, ತೆಗೆದುಕೊಳ್ಳುವ ಗುಳಿಗೆಗಳು ಮತ್ತು ನೋಟಬುಕ್ ಚೀಲದಲ್ಲಿರಲಿ. ದಿನವೂ ಜತೆಗಿರುವ ಒಬ್ಬರು ಜತೆಗೆ ಬರಲಿ.

ನಾಲ್ಕನೆಯ ಹೆಜ್ಜೆ: ಪರೀಕ್ಷೆಯ ಕೋಣೆಯಲ್ಲಿ

ವೈದ್ಯರು ದೀಪದಿಂದ ಪರದೆ ನೋಡುತ್ತಾರೆ. ಸಣ್ಣ ರಬ್ಬರ್ ತುದಿ ಕಿವಿಗೆ ಹಚ್ಚಿ ಗಾಳಿಯ ಒತ್ತಡ ಬದಲಿಸಿ ಪರದೆ ಅಲುಗುತ್ತದೆಯೇ ಎಂದು ಅಳೆಯುವುದು ಟಿಂಪನೋಮೆಟ್ರಿ. ಹಿಂದೆ ನೀರು ತುಂಬಿದ್ದರೆ ಇದರಲ್ಲಿ ಗೊತ್ತಾಗುತ್ತದೆ. ಆಮೇಲೆ ಸದ್ದು ತಡೆಯುವ ಕೋಣೆ, ಹೆಡ್‌ಫೋನು, ಕೈಯಲ್ಲೊಂದು ಗುಂಡಿ. 250ರಿಂದ 8,000 ಹರ್ಟ್ಸ್‌ವರೆಗೆ ಒಂದೊಂದು ಸ್ವರವನ್ನೂ ಅತಿ ಮೆತ್ತಗೆ ಕೇಳಿಸುತ್ತಾರೆ. ಕೇಳಿದ ಅನುಮಾನ ಬಂದರೂ ಗುಂಡಿ ಒತ್ತಿ. "ಖಾತ್ರಿ ಆದಮ್ಯಾಗ ಒತ್ತೋಣ" ಎಂದು ಕಾದರೆ ಇಲ್ಲದ ದೋಷ ಬರೆದುಕೊಳ್ಳುತ್ತದೆ.

ಇಷ್ಟಕ್ಕೇ ಎದ್ದು ಬರಬೇಡಿ. ಮಾತಿನ ಪರೀಕ್ಷೆ ಕೇಳಿ. ಪದಗಳ ಪಟ್ಟಿ ಓದಿ ತಿರುಗಿ ಹೇಳಿಸುವ ಪರೀಕ್ಷೆ ಅದು. ನೀವು ಮನೆಯಲ್ಲಿ ಆಡುವ ಭಾಷೆಯಲ್ಲೇ ಆಗಲಿ ಎಂದು ಹೇಳಿ, ಸಂಕೋಚ ಬೇಡ. ಗದ್ದಲದೊಳಗೆ ಮಾತು ಹಿಡಿಯುವ ಪರೀಕ್ಷೆ ಆ ಕೇಂದ್ರದಲ್ಲಿ ಇದ್ದರೆ ಅದನ್ನೂ ಕೇಳಿ, ಮುತ್ಯಾನ ಕೂಲರ್ ಕಷ್ಟ ಕಾಣುವುದು ಅದರಲ್ಲೇ.

ಗುಂಡಿ ಒತ್ತಲಾರದ ಕೂಸುಗಳಿಗೆ ಎರಡು ಪರೀಕ್ಷೆ. ಒ.ಎ.ಇ.ಯಲ್ಲಿ ಕಾಕ್ಲಿಯಾದ ಹೊರ ರೋಮಕೋಶಗಳು ಸದ್ದಿಗೆ ಪ್ರತಿಯಾಗಿ ತಾವೇ ಹೊರಡಿಸುವ ಪುಟ್ಟ ಸದ್ದನ್ನು ಹಿಡಿಯುತ್ತಾರೆ. ಬೆರಾದಲ್ಲಿ ತಲೆಗೆ ತಂತಿ ಅಂಟಿಸಿ, ಟಿಕ್ ಟಿಕ್ ಸದ್ದು ಕೊಟ್ಟು, ಸಂಕೇತ ನರದ ಮೂಲಕ ಮಿದುಳಿನ ಕಾಂಡದವರೆಗೆ ಹೋದ ಗುರುತನ್ನು ಓದುತ್ತಾರೆ. ತಂತಿಯಿಂದ ಕರೆಂಟು ಹೋಗುವುದಿಲ್ಲ, ಮಿದುಳಿನದೇ ಸಂಕೇತ ಹೊರಗೆ ಬರುತ್ತದೆ. ಕಾಮಾಲೆ, ಐಸಿಯು ಇತಿಹಾಸವಿರುವ ಕೂಸಿಗೆ ಒ.ಎ.ಇ. "ಪಾಸ್" ಎಂದು ಬರೆದುಕೊಟ್ಟರೂ ಬೆರಾ ಮಾಡಿಸಲೇಬೇಕು. ನರದ ದೋಷದಲ್ಲಿ ಮೊದಲನೆಯದು ಸರಿ ಇದ್ದು ಎರಡನೆಯದು ಕೆಟ್ಟಿರುತ್ತದೆ. ಒಂದು ಸಲ ಪಾಸ್ ಆದ ಚೀಟಿ ಹಿಡಿದು ಎರಡು ವರ್ಷ ನಿಶ್ಚಿಂತೆಯಿಂದಿದ್ದ ತಾಯಂದಿರ ಮುಖ ನನಗೆ ಮರೆಯುವುದಿಲ್ಲ.

ಸಂಸ್ಕರಣೆಯ ತೊಂದರೆಯ ಪರೀಕ್ಷೆ ಸಾಮಾನ್ಯವಾಗಿ ಏಳು ವರ್ಷದ ನಂತರ. ಎರಡು ಕಿವಿಗೆ ಏಕಕಾಲಕ್ಕೆ ಬೇರೆ ಬೇರೆ ಪದ ಕೇಳಿಸಿ ಎರಡನ್ನೂ ಹೇಳಿಸುವುದು, ಸದ್ದುಗಳ ನಡುವಿನ ಅತಿ ಸಣ್ಣ ಬಿಡುವನ್ನು ಗುರುತಿಸುವುದು ಹೀಗೆ. ಇವೆಲ್ಲಕ್ಕಿಂತ ಮೊದಲು ಸಾಮಾನ್ಯ ಕಿವಿ ಪರೀಕ್ಷೆ ಆಗಿರಬೇಕು.

ಐದನೆಯ ಹೆಜ್ಜೆ: ರಿಪೋರ್ಟನ್ನು ನೀವೇ ಓದಿ

ಹಾಳೆಯಲ್ಲಿ ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರ ಚಿಹ್ನೆ ಎಡಗಿವಿ. ಎಡದಿಂದ ಬಲಕ್ಕೆ ಹೋದಂತೆ ಸ್ವರ ತೆಳುವಾಗುತ್ತದೆ. ಗೆರೆ ಕೆಳಗಿಳಿದಷ್ಟು ದೋಷ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ 20 ಡೆಸಿಬೆಲ್‌ಗಿಂತ ಕಡಿಮೆ ಸಹಜ, 20ರಿಂದ 34 ಅಲ್ಪ, 35ರಿಂದ 49 ಮಧ್ಯಮ, 50ರಿಂದ 64 ಅದಕ್ಕಿಂತ ಹೆಚ್ಚು, 65ರ ಮೇಲೆ ತೀವ್ರ. ಎಡದಲ್ಲಿ ಮೇಲಿದ್ದು ಬಲಕ್ಕೆ ಜಾರುಬಂಡೆಯಂತೆ ಇಳಿದರೆ ಅದು ಮುತ್ಯಾನ ಗೆರೆ. 4,000ದ ಸುತ್ತ ಮಾತ್ರ ಹಳ್ಳ ಬಿದ್ದಿದ್ದರೆ ಅದು ಮಿಲ್ಲಿನ ಗದ್ದಲದ ಗುರುತು.

ಸರಾಸರಿ ಅಂಕಿಯೊಂದನ್ನೇ ನೋಡಿ "ಸ್ವಲ್ಪ ಅದ, ಏನೂ ಬ್ಯಾಡ" ಅನ್ನುವವರಿದ್ದಾರೆ. ಮಾತಿನ ಪರೀಕ್ಷೆಯಲ್ಲಿ ನೂರಕ್ಕೆ ಎಷ್ಟು, ಎರಡು ಕಿವಿಗೂ ವ್ಯತ್ಯಾಸವೆಷ್ಟು, ದೋಷ ನಡುಗಿವಿಯದೋ ಒಳಗಿವಿಯದೋ, ಮುಂದಿನ ಪರೀಕ್ಷೆ ಯಾವಾಗ, ಈ ನಾಲ್ಕನ್ನು ಕೇಳಿ ಬರೆಸಿಕೊಂಡೇ ಏಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ದೋಷವಿದ್ದರೆ ಮಂದಶ್ರವಣ, 70 ಆದರೆ ಕಿವುಡು. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಈ ಲೆಕ್ಕ ಬೇಕು. ಆದರೆ ಕಾರ್ಡು ಸಿಗದ 45 ಡೆಸಿಬೆಲ್‌ನವರಿಗೂ ಮಷಿನ್ ಬೇಕಾಗಬಹುದು. ಸರ್ಟಿಫಿಕೇಟು ಕೊಡಲಿಲ್ಲ ಎಂದರೆ ತೊಂದರೆ ಇಲ್ಲ ಎಂದರ್ಥವಲ್ಲ. ಅರ್ಹರಿಗೆ, ಅಂಗವಿಕಲರಿಗೆ ಸಲಕರಣೆ ಕೊಡುವ ಕೇಂದ್ರದ ಎ.ಡಿ.ಐ.ಪಿ. ಯೋಜನೆಯಲ್ಲಿ ಮಷಿನ್ ಸಿಗುತ್ತದೆ. ಚಿಕ್ಕ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟಿಗೆ ರಾಜ್ಯದ ಶ್ರವಣ ಸಂಜೀವಿನಿ ಇದೆ. ಇ.ಎನ್.ಟಿ. ವಿಭಾಗದಲ್ಲೇ ವಿಚಾರಿಸಿ.

ಆರನೆಯ ಹೆಜ್ಜೆ: ಮಷಿನ್ ಬಂದ ಮೇಲೆ

ಕನ್ನಡಕ ಹಾಕಿದ ಕ್ಷಣ ಕಾಣುತ್ತದೆ, ಮಷಿನ್ ಹಾಗಲ್ಲ. ವರ್ಷಗಟ್ಟಲೆ ತೆಳು ಸದ್ದು ಕಾಣದ ಮಿದುಳಿಗೆ ಚಮಚದ ಕಿಣಿಕಿಣಿ, ಕಾಗದದ ಸರಸರ ಎಲ್ಲವೂ ಒಮ್ಮೆಲೇ ಮುತ್ತುತ್ತವೆ. "ಬರೇ ಗದ್ದಲ ಮೇಡಂ, ತಗೀರಿ ಇದನ್ನ" ಎಂದು ಮೂರನೆಯ ದಿನಕ್ಕೆ ಪೆಟ್ಟಿಗೆಗೆ ಹಾಕಿಡುವವರೇ ಬಹಳ. ಮೊದಲ ವಾರ ಮನೆಯೊಳಗೆ, ಕೂಲರ್ ಇಲ್ಲದ ಹೊತ್ತಿನಲ್ಲಿ, ಒಬ್ಬರ ಜತೆ ಮಾತಾಡುವಾಗ ಎರಡು ಮೂರು ತಾಸು ಹಾಕಿ. ಎರಡನೆಯ ವಾರ ಇಬ್ಬರು ಮೂವರ ಜತೆ, ಟಿವಿ ಮುಂದೆ. ಮೂರನೆಯ ವಾರ ಸಂತೆ, ಗುಡಿ, ದರ್ಗಾ. ಮಿದುಳು ಯಾವುದು ಬೇಡದ ಸದ್ದು ಎಂದು ಮತ್ತೆ ಕಲಿಯಲು ವಾರಗಳು, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಮಗುವಿಗಾದರೆ ಎಚ್ಚರವಿರುವಷ್ಟು ಹೊತ್ತೂ ಮಷಿನ್ ಕಿವಿಯಲ್ಲಿರಬೇಕು, ಜತೆಗೆ ಮಾತಿನ ತರಬೇತಿ. ಯಾವ ಮಷಿನ್ನೂ ಸಾಲದ ಮಗುವಿಗೆ ಸಂಜ್ಞಾಭಾಷೆ ಪೂರ್ತಿ ಭಾಷೆಯೇ. ಮಿದುಳು ಅದನ್ನೂ ಭಾಷೆಯ ಜಾಗದಲ್ಲೇ ಕಲಿಯುತ್ತದೆ. ಮಗು ಯಾವ ಭಾಷೆಯೂ ಇಲ್ಲದೆ ಬೆಳೆಯಬಾರದು.

ಮನೆಯವರ ಪಾಲಿನದೂ ಇದೆ. ಮಾತಿಗೆ ಮೊದಲು ಕೂಲರ್ ಬಂದ್ ಮಾಡಿ. ಅಡುಗೆಮನೆಯಿಂದ ಕೂಗದೆ ಎದುರಿಗೆ ಬಂದು, ಮುಖದ ಮೇಲೆ ಬೆಳಕು ಇರುವಂತೆ ನಿಂತು ಮಾತಾಡಿ. ತಿಳಿಯದಿದ್ದರೆ ಅದನ್ನೇ ಜೋರಾಗಿ ಹೇಳಬೇಡಿ, ಮಾತು ಬದಲಿಸಿ: "ಗುಳಿಗಿ ತಗೊಂಡಿ?" ತಪ್ಪಿದರೆ "ಬಿಪಿ ಔಷಧ ನುಂಗಿದಿ?" ಮಿದುಳಿಗೆ ಊಹಿಸಲು ಇನ್ನೊಂದು ಹಿಡಿಕೆ ಸಿಗುತ್ತದೆ. ಶಾಲೆಯಲ್ಲಿ ಮಗುವನ್ನು ಮುಂದಿನ ಸಾಲಿಗೆ, ಫ್ಯಾನು ಮತ್ತು ರಸ್ತೆ ಕಡೆಯ ಕಿಟಕಿಯಿಂದ ದೂರ ಕೂರಿಸಲು ಕೇಳಿಕೊಳ್ಳಿ. ಮನೆಗೆಲಸವನ್ನು ಹಲಗೆಯ ಮೇಲೆ ಬರೆದರೆ ಆ ಮಗುವಿನ ಅರ್ಧ ಕಷ್ಟ ಕಳೆಯುತ್ತದೆ.

ಹದಿನೈದು ದಿನಕ್ಕೆ ಒಮ್ಮೆ ಮಷಿನ್ ಹೊಂದಿಸಲು ಮರಳಿ ಬನ್ನಿ, ನೋಟಬುಕ್ ತನ್ನಿ. ಎಲ್ಲಿ ತಿಳಿಯಿತು, ಎಲ್ಲಿ ತಿಳಿಯಲಿಲ್ಲ, ಯಾರ ಮಾತು ತಪ್ಪಿತು ಎಂದು ಅದರಲ್ಲಿ ಬರೆದಿದ್ದರೆ ಹೊಂದಿಸುವ ನನ್ನಂಥವರಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ. ಗದ್ದಲದ ಕೆಲಸದವರಿಗೂ, ಚಿಕ್ಕ ಮಕ್ಕಳಿಗೂ ಅದಕ್ಕಿಂತ ಬೇಗ, ದಿನಾಂಕ ಬರೆಸಿಕೊಂಡೇ ಹೊರಡಿ.